ಕಾಡುಕುದುರೆಗಳ ಹಿಂಡಿಗೆ ಯಾವ ನಿರ್ವಹಣೆ ಹೊಂದುತ್ತದೆ: ಲಸಿಕೆ, ಸೆರೆ, ದತ್ತು, ಆಶ್ರಯಧಾಮಗಳ ಹೋಲಿಕೆ

ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಅಸ್ಸಾಟೀಗ್ ದ್ವೀಪದ ಮೇಲೆ ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳ ಗಡಿ ಹಾದುಹೋಗುತ್ತದೆ. ಗಡಿಯಲ್ಲೊಂದು ಬೇಲಿಯಿದ್ದು, ಅದರ ಎರಡೂ ಬದಿಗಳಲ್ಲಿ ಒಂದೇ ಮೂಲದ ಕುದುರೆಗಳು ಒಂದೇ ಬಗೆಯ ಜವುಗುಹುಲ್ಲನ್ನು ಮೇಯುತ್ತ ಬದುಕುತ್ತಿವೆ. ಎರಡೂ ಹಿಂಡುಗಳ ಸಂಖ್ಯೆಯನ್ನು ಹತೋಟಿಯಲ್ಲಿ ಇಡಲಾಗಿದೆ, ಆದರೆ ಇಡುವ ರೀತಿ ಬೇರೆ. ಉತ್ತರದ ಮೇರಿಲ್ಯಾಂಡ್ ಭಾಗದಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಯು ಹೆಣ್ಣುಕುದುರೆಗಳಿಗೆ ದೂರದಿಂದ ಡಾರ್ಟ್ ಹೊಡೆದು ಗರ್ಭನಿರೋಧಕ ಲಸಿಕೆ ಕೊಡುವ ಕ್ರಮವನ್ನು 1994ರಿಂದ ಹಿಂಡಿನ ನಿರ್ವಹಣೆಯ ಮುಖ್ಯ ಸಾಧನವಾಗಿ ಮಾಡಿಕೊಂಡಿತು. ದಕ್ಷಿಣದ ವರ್ಜೀನಿಯಾ ಭಾಗದ ಕುದುರೆಗಳು ಚಿಂಕೋಟೀಗ್ ಪಟ್ಟಣದ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಸೇರಿದವು. ಪ್ರತಿ ಜುಲೈ ಕೊನೆಯಲ್ಲಿ ಹಿಂಡನ್ನು ನೀರಿನಾಚೆಗೆ ಈಜಿಸಿ ತಂದು, ಆ ವರ್ಷದ ಮರಿಗಳಲ್ಲಿ ಹೆಚ್ಚಿನವನ್ನು ಹರಾಜು ಹಾಕಿ, ದೊಡ್ಡ ಕುದುರೆಗಳನ್ನು ಮರಳಿ ದ್ವೀಪಕ್ಕೆ ಅಟ್ಟುತ್ತಾರೆ. ಅಲ್ಲಿ ವಯಸ್ಕ ಕುದುರೆಗಳ ಮಿತಿ 150.

ಕಾಡುಕುದುರೆಗಳ ನಿರ್ವಹಣೆಯ ಆಯ್ಕೆಗಳನ್ನು ಹೋಲಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ. ಒಂದು ಬದಿಯಲ್ಲಿ ಹುಟ್ಟನ್ನೇ ಕಡಿಮೆ ಮಾಡಲಾಗುತ್ತದೆ, ಇನ್ನೊಂದು ಬದಿಯಲ್ಲಿ ಹುಟ್ಟಿದ್ದನ್ನು ಹೊರಗೆ ಕಳುಹಿಸಲಾಗುತ್ತದೆ. ದಕ್ಷಿಣದ ಪದ್ಧತಿ ನಡೆದುಕೊಂಡು ಬಂದಿರುವುದಕ್ಕೆ ಕಾರಣ ಆ ಮರಿಗಳನ್ನು ಕೊಳ್ಳಲು ಜನ ಹಣ ಹಿಡಿದು ಕಾದಿರುವುದು; ಅಂಥ ಬೇಡಿಕೆ ಇಲ್ಲದ ಕಡೆ ಅದೇ ಪದ್ಧತಿ ಏನಾಗುತ್ತದೆ ಎಂಬುದಕ್ಕೆ ಪಶ್ಚಿಮ ಅಮೆರಿಕದ ಅನುಭವವೇ ಸಾಕ್ಷಿ. ಒಂದು ಹಿಂಡಿನ ಬಗ್ಗೆ ತೀರ್ಮಾನ ತೆಗೆದುಕೊಳ್ಳಬೇಕಾದ ಅಧಿಕಾರಿಗಳು, ಅವರಿಗೆ ಸಲಹೆ ಅಥವಾ ಆಕ್ಷೇಪಣೆ ಸಲ್ಲಿಸುವ ನಾಗರಿಕರು, ಯಾವ ಕೆಲಸಕ್ಕೆ ದೇಣಿಗೆ ಕೊಡಬೇಕೆಂದು ಯೋಚಿಸುವವರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಹೋಲಿಕೆಯನ್ನು ಬರೆಯಲಾಗಿದೆ.

ಮೊದಲು ಬೆಳವಣಿಗೆಯ ಲೆಕ್ಕ

ಯಾವ ಆಯ್ಕೆಯನ್ನು ತೂಗುವ ಮೊದಲೂ ಹಿಂಡು ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಹೆಣ್ಣುಕುದುರೆಯ ಗಬ್ಬದ ಅವಧಿ ಸುಮಾರು ಹನ್ನೊಂದು ತಿಂಗಳು. ಮೇವು ಸಾಕಷ್ಟಿದ್ದರೆ ಅದು ಎರಡು ಮೂರು ವರ್ಷದ ಪ್ರಾಯದಿಂದ ಇಪ್ಪತ್ತರ ಆಸುಪಾಸಿನವರೆಗೂ ಈಯಬಲ್ಲದು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪಶ್ಚಿಮದ ಹಿಂಡುಗಳು ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 15ರಿಂದ 20ರ ವೇಗದಲ್ಲಿ ಬೆಳೆಯುತ್ತವೆ. ಶೇಕಡಾ 20ರ ವೇಗದಲ್ಲಿ ನೂರು ಕುದುರೆಗಳು ನಾಲ್ಕೇ ವರ್ಷದಲ್ಲಿ ಇನ್ನೂರು ದಾಟುತ್ತವೆ, ಶೇಕಡಾ 15ರಲ್ಲಿ ಅದಕ್ಕೆ ಐದು ವರ್ಷ ಹಿಡಿಯುತ್ತದೆ. ಇನ್ನೂರರಲ್ಲಿ ನೂರನ್ನು ಸೆರೆಹಿಡಿದು ಸಾಗಿಸಿ ಬೇರೇನೂ ಮಾಡದೆ ಸುಮ್ಮನಾದರೆ ನಾಲ್ಕೈದು ವರ್ಷಗಳಲ್ಲಿ ಮತ್ತೆ ಅದೇ ನೂರನ್ನು ಸೆರೆಹಿಡಿಯಬೇಕಾಗುತ್ತದೆ. ಆ ವರದಿ ಇನ್ನೂ ಒಂದು ಮಾತನ್ನು ನೇರವಾಗಿ ಹೇಳಿತು: ಪದೇ ಪದೇ ಕುದುರೆಗಳನ್ನು ತೆಗೆಯುವುದರಿಂದ ಉಳಿದವುಗಳಿಗೆ ಮೇವು ಹೆಚ್ಚಾಗಿ, ಹಿಂಡು ತನ್ನ ಗರಿಷ್ಠ ವೇಗದಲ್ಲಿ ಬೆಳೆಯಲು ಸರ್ಕಾರವೇ ಅನುವು ಮಾಡಿಕೊಟ್ಟಂತಾಗುತ್ತದೆ.

ಆದ್ದರಿಂದ ಒಂದು ಯೋಜನೆಯ ಮಾನವೀಯತೆಯನ್ನು ಅಳೆಯುವಾಗ ಈ ವರ್ಷ ಎಷ್ಟು ಕುದುರೆಗಳನ್ನು ಹೇಗೆ ಹಿಡಿದರು ಎಂಬುದಷ್ಟನ್ನೇ ನೋಡಿದರೆ ಸಾಲದು. ಹತ್ತು ವರ್ಷಗಳ ಅವಧಿಯಲ್ಲಿ ಒಟ್ಟು ಎಷ್ಟು ಪ್ರಾಣಿಗಳು ತಮ್ಮ ನೆಲ ಮತ್ತು ಕುಟುಂಬವನ್ನು ಕಳೆದುಕೊಳ್ಳುತ್ತವೆ ಎಂಬುದನ್ನು ನೋಡಬೇಕು. ನನ್ನ ಮಟ್ಟಿಗೆ ಎಲ್ಲ ಆಯ್ಕೆಗಳನ್ನೂ ಅಳೆಯಬೇಕಾದ ಕೋಲು ಇದೇ.

ಪಶ್ಚಿಮದ ಪರಿಸ್ಥಿತಿಯ ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕೆಂದರೆ, ಕಾಡುಕುದುರೆಗಳನ್ನು ವಿಮಾನ ಮತ್ತು ಲಾರಿಗಳಿಂದ ಅಟ್ಟಿ ಹಿಡಿದು ಕಸಾಯಿಖಾನೆಗೆ ಸಾಗಿಸುತ್ತಿದ್ದ ಕಾಲದಲ್ಲಿ ನೆವಾಡಾದ ವೆಲ್ಮಾ ಜಾನ್‌ಸ್ಟನ್ ಅವರು ನಡೆಸಿದ ಹೋರಾಟದ ಫಲವಾಗಿ 1959ರಲ್ಲಿ ಮೊದಲ ನಿಷೇಧವೂ, 1971ರಲ್ಲಿ ಕಾಡುಕುದುರೆ ಮತ್ತು ಕಾಡುಕತ್ತೆಗಳ ರಕ್ಷಣೆಯ ಫೆಡರಲ್ ಕಾಯ್ದೆಯೂ ಬಂದವು. 1976ರ ಇನ್ನೊಂದು ಕಾಯ್ದೆ ಸರ್ಕಾರದ ಕೈಗೆ ಹೆಲಿಕಾಪ್ಟರನ್ನು ಮರಳಿ ಕೊಟ್ಟಿತು. ಇಂದು ಹತ್ತು ಪಶ್ಚಿಮ ರಾಜ್ಯಗಳ ಹಿಂಡುಗಳನ್ನು ನೋಡಿಕೊಳ್ಳುವ ಭೂ ನಿರ್ವಹಣಾ ಬ್ಯೂರೋ ತನ್ನ ನೆಲಕ್ಕೆ ತಕ್ಕದ್ದೆಂದು ಹೇಳುವ ಸಂಖ್ಯೆ ಸುಮಾರು 26,000. ಆದರೆ 2020ರಲ್ಲಿ ಅಲ್ಲಿದ್ದವು ಸುಮಾರು 95,000 ಎಂದು ಅಂದಾಜಾಗಿತ್ತು.

ಕೈಹಾಕದೆ ಬಿಡುವುದು

ಕುದುರೆಗಳನ್ನು ಪ್ರೀತಿಸುವ ಅನೇಕರಿಗೆ ಮೊದಲು ಹಿಡಿಸುವ ಆಯ್ಕೆ ಇದು, ಮತ್ತು ಕೆಲವೆಡೆ ಇದು ಸರಿಯಾದ ಆಯ್ಕೆಯೂ ಹೌದು. ಕೆನಡಾದ ಸೇಬಲ್ ದ್ವೀಪದ ಕುದುರೆಗಳಿಗೆ 1960ರ ದಶಕದ ಆರಂಭದಿಂದ ಕಾನೂನಿನ ರಕ್ಷಣೆಯಿದೆ. ಅಲ್ಲಿ ಮೇವು ಹಾಕುವುದಿಲ್ಲ, ಚಿಕಿತ್ಸೆ ಕೊಡುವುದಿಲ್ಲ, ಹಿಡಿಯುವುದೂ ಇಲ್ಲ. ಸುಮಾರು ಐನೂರು ಕುದುರೆಗಳ ಆ ಹಿಂಡು ಕಠಿಣ ಚಳಿಗಾಲದಲ್ಲಿ ಕುಗ್ಗಿ, ಸೌಮ್ಯ ವರ್ಷಗಳಲ್ಲಿ ಹಿಗ್ಗುತ್ತದೆ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಗಡಿಯ ಮಾಂಟ್‌ಗೊಮೆರಿ ಪಾಸ್ ಪ್ರದೇಶದಲ್ಲಿ ಪೂಮಾಗಳು ಎಳೆಯ ಮರಿಗಳನ್ನು ಬೇಟೆಯಾಡಿ ಹಿಂಡಿನ ಬೆಳವಣಿಗೆಯನ್ನು ತಡೆದಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ.

ಆದರೆ ಪೂಮಾ ಬೇಟೆಯಾಡಲು ಮರಗಳ ಅಥವಾ ಬಂಡೆಗಳ ಮರೆ ಬೇಕು. ನೆವಾಡಾದ ಬಯಲು ಕಣಿವೆಗಳಲ್ಲಿ ಅಂಥ ಮರೆ ಕಡಿಮೆ, ತೋಳಗಳು ಬಹುತೇಕ ಇಲ್ಲವೇ ಇಲ್ಲ. ಬೇಟೆಗಾರ ಪ್ರಾಣಿಯೂ ಇಲ್ಲದೆ, ವಲಸೆ ಹೋಗಲು ದಾರಿಯೂ ಇಲ್ಲದೆ, ಸುತ್ತ ಬೇಲಿ ಮಾತ್ರ ಇರುವಲ್ಲಿ ಕೈಹಾಕದೆ ಬಿಡುವುದೆಂದರೆ ಸಂಖ್ಯೆಯ ನಿಯಂತ್ರಣವನ್ನು ಹಸಿವಿಗೆ ವಹಿಸಿದಂತೆ. ನೆದರ್‌ಲೆಂಡ್ಸಿನ ಊಸ್ಟ್‌ವಾರ್ಡರ್ಸ್‌ಪ್ಲಾಸೆನ್ ಎಂಬ ಬೇಲಿಯೊಳಗಿನ ಪ್ರಕೃತಿಧಾಮದಲ್ಲಿ 2017–18ರ ಚಳಿಗಾಲ ಇದನ್ನು ಕಣ್ಣೆದುರಿಗೆ ತಂದಿತು: ಕೋನಿಕ್ ಕುದುರೆ, ಹೆಕ್ ದನ ಮತ್ತು ಕೆಂಪು ಜಿಂಕೆಗಳು ಸೇರಿ ಮೂರು ಸಾವಿರಕ್ಕೂ ಹೆಚ್ಚು ಪ್ರಾಣಿಗಳು ಸತ್ತವು, ಅವುಗಳಲ್ಲಿ ಹೆಚ್ಚಿನವನ್ನು ಹಸಿವಿನಿಂದ ಇನ್ನು ಬದುಕಲಾರವೆಂದು ಕಾವಲುಗಾರರೇ ಗುಂಡಿಕ್ಕಿ ಕೊಂದರು. ಆ ಬಳಿಕ ಅಲ್ಲಿನ ನೀತಿಯೇ ಬದಲಾಯಿತು. 2018ರ ಬರಗಾಲದಲ್ಲಿ ಅರಿಜೋನಾದ ನವಾಹೋ ಜನಾಂಗದ ನೆಲದಲ್ಲಿ, ಗ್ರೇ ಮೌಂಟನ್ ಬಳಿಯ ಬತ್ತುತ್ತಿದ್ದ ಕೆರೆಯ ಕೆಸರಿನಲ್ಲಿ ಸಿಕ್ಕಿಕೊಂಡು 191 ಕುದುರೆಗಳು ಸತ್ತವು. ಬೇಲಿಯಿರುವ, ನೀರಿನ ಮೂಲಗಳು ಒಂದೆರಡೇ ಇರುವ ಹಿಂಡಿಗೆ ಈ ಆಯ್ಕೆಯನ್ನು ಸೂಚಿಸುವವರು ಬರದ ವರ್ಷ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಮೊದಲೇ ಉತ್ತರ ಕೊಡಬೇಕು.

ಸೆರೆಹಿಡಿಯುವ ಎರಡು ದಾರಿಗಳು

ಸಂಖ್ಯೆ ಈಗಾಗಲೇ ನೆಲದ ಶಕ್ತಿಯನ್ನು ಮೀರಿದ್ದರೆ ಕೆಲವು ಕುದುರೆಗಳನ್ನು ಹೊರತೆಗೆಯುವುದು ಅನಿವಾರ್ಯವಾಗಬಹುದು. ಅದಕ್ಕೆ ಹೆಲಿಕಾಪ್ಟರ್ ಒಂದು ದಾರಿ, ಮೇವು ಅಥವಾ ನೀರನ್ನು ಇಟ್ಟು ದೊಡ್ಡಿಗೆ ಕರೆತರುವುದು ಇನ್ನೊಂದು ದಾರಿ.

ಹೆಲಿಕಾಪ್ಟರ್ ಕೆಳಹಾರುತ್ತ ಗುಂಪುಗಳನ್ನು ಹಲವು ಮೈಲಿ ಅಟ್ಟಿ, ಗೋಣಿಬಟ್ಟೆಯ ಬೇಲಿಗಳು ರೂಪಿಸಿದ ಓಣಿಯ ಬಾಯಿಗೆ ತರುತ್ತದೆ. ಅಲ್ಲಿ ಬಿಡುವ ಪಳಗಿದ ಕುದುರೆಯೊಂದು ಮುಂದೆ ಓಡಿ ಉಳಿದವನ್ನು ದೊಡ್ಡಿಯೊಳಗೆ ಕರೆದೊಯ್ಯುತ್ತದೆ. ಕೆಲವೇ ವಾರಗಳಲ್ಲಿ ಸಾವಿರಾರು ಕುದುರೆಗಳನ್ನು ಹಿಡಿಯಲು ಸಾಧ್ಯವಾಗುವುದು ಇದೊಂದರಿಂದಲೇ. ಆದರೆ ಓಟದ ದಣಿವು, ಬೇಲಿಗೆ ಗುದ್ದಿ ಕತ್ತು ಮುರಿಯುವುದು, ತಾಯಿಯ ಜೊತೆ ಓಡಲಾರದ ಮರಿಗಳು ಹಿಂದುಳಿಯುವುದು, ಗೊರಸು ಸವೆಯುವುದು ಇವೆಲ್ಲ ಈ ವಿಧಾನದ ಜೊತೆಗೇ ಬರುವ ಅಪಾಯಗಳು. ಬ್ಯೂರೋ ತಾನೇ ಹಾಕಿಕೊಂಡ ನಿಯಮದಂತೆ ಮಾರ್ಚ್ 1ರಿಂದ ಜೂನ್ 30ರವರೆಗೆ, ಅಂದರೆ ಮರಿ ಹಾಕುವ ಮುಖ್ಯ ಅವಧಿಯಲ್ಲಿ, ತುರ್ತುಸ್ಥಿತಿಯ ಹೊರತು ಹೆಲಿಕಾಪ್ಟರ್ ಬಳಸುವುದಿಲ್ಲ. ಆದರೂ ಜುಲೈ ತಿಂಗಳಲ್ಲಿ ಓಡುವ ಗುಂಪಿನಲ್ಲಿ ಒಂದೆರಡು ತಿಂಗಳ ಮರಿಗಳು ಇದ್ದೇ ಇರುತ್ತವೆ ಎಂಬುದನ್ನು ಮರೆಯಬಾರದು.

ಮೇವು, ಖನಿಜದ ಉಪ್ಪು ಅಥವಾ ನೀರನ್ನು ಇಟ್ಟು ಹಿಡಿಯುವ ವಿಧಾನದಲ್ಲಿ ಕಬ್ಬಿಣದ ಹಲಗೆಗಳ ದೊಡ್ಡಿಯನ್ನು ಮೊದಲೇ ನಿಲ್ಲಿಸಿ, ಕುದುರೆಗಳಿಗೆ ಅದರೊಳಗೆ ಹೋಗಿಬರುವ ಅಭ್ಯಾಸವಾಗುವವರೆಗೆ ಕಾದು, ಇಡೀ ಕುಟುಂಬ ಒಳಗಿರುವಾಗ ದೂರದಿಂದ ಗೇಟು ಮುಚ್ಚಲಾಗುತ್ತದೆ. ಓಟವಿಲ್ಲ, ಧೂಳಿಲ್ಲ, ಗಂಡುಕುದುರೆ, ಅದರ ಜೊತೆಯ ಹೆಣ್ಣುಗಳು ಮತ್ತು ಮರಿಗಳು ಒಟ್ಟಿಗೇ ಸಿಗುತ್ತವೆ, ಯಾವುದನ್ನು ಉಳಿಸಬೇಕು, ಯಾವುದನ್ನು ಕಳುಹಿಸಬೇಕು ಎಂದು ಆರಿಸಿಕೊಳ್ಳಲು ಬಿಡುವೂ ಸಿಗುತ್ತದೆ. ನಿಧಾನವೇ ಇದರ ಕೊರತೆ: ವಾರಗಟ್ಟಲೆ ಕಾದು ಕೆಲವೇ ಹತ್ತಾರು ಕುದುರೆಗಳು ಸಿಗಬಹುದು, ಸುತ್ತಲೂ ಹಸಿರು ಮೇವು ಅಥವಾ ಬೇರೆ ನೀರು ಇರುವಾಗ ಏನೂ ಸಿಗದೆಯೂ ಹೋಗಬಹುದು. ಕೆಲವು ನೂರು ಕುದುರೆಗಳಿಗಿಂತ ಚಿಕ್ಕದಾದ ಯಾವ ಹಿಂಡಿಗೂ ಹೆಲಿಕಾಪ್ಟರನ್ನು ಸಮರ್ಥಿಸುವ ಕಾರಣ ನನಗೆ ಕಾಣುವುದಿಲ್ಲ. ಆ ಗಾತ್ರದ ಹಿಂಡಿನಲ್ಲಿ ಅವಸರ ಬಂದೊದಗಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಅದು ಹಲವು ವರ್ಷ ಏನೂ ಮಾಡದೆ ಕುಳಿತದ್ದರ ಫಲವಾಗಿರುತ್ತದೆ.

ಹಿಡಿದ ಮೇಲೆ ಎಲ್ಲಿಗೆ

ಸೆರೆಯ ಬಗ್ಗೆ ಬಿಸಿಯಾದ ಚರ್ಚೆ ನಡೆಯುತ್ತದೆ, ಸೆರೆಯ ಬಳಿಕದ ಬದುಕಿನ ಬಗ್ಗೆ ಅಷ್ಟು ನಡೆಯುವುದಿಲ್ಲ. ಒಂದು ಕುದುರೆ ಓಡುವುದು ಒಂದು ದಿನ; ಹಿಡಿದ ಮೇಲೆ ಅದು ಇಪ್ಪತ್ತು ವರ್ಷ ಬದುಕಬಹುದು.

ದತ್ತು ಒಳ್ಳೆಯ ಆಯ್ಕೆ, ಆದರೆ ಅದರ ಸಾಮರ್ಥ್ಯ ಚಿಕ್ಕದು. ಪಳಗದ ಕುದುರೆಯನ್ನು ಪಳಗಿಸುವ ತಾಳ್ಮೆ, ಜಾಗ ಮತ್ತು ಹಣ ಇರುವ ಕುಟುಂಬಗಳು ಸೀಮಿತ. ಎಳೆಯ ಕುದುರೆಗಳಿಗೆ ಬೇಡಿಕೆ ಇರುತ್ತದೆ, ಹತ್ತು ದಾಟಿದವುಗಳಿಗೆ ಬಹುತೇಕ ಇರುವುದಿಲ್ಲ. ಬೇಡಿಕೆ ಹೆಚ್ಚಿಸಲೆಂದು ಬ್ಯೂರೋ 2019ರಲ್ಲಿ ಪಳಗದ ಕುದುರೆಯೊಂದಕ್ಕೆ 1,000 ಡಾಲರ್ ಪ್ರೋತ್ಸಾಹಧನ ಕೊಡಲು ಆರಂಭಿಸಿತು. ಒಂದು ವರ್ಷದ ಬಳಿಕ ಮಾಲೀಕತ್ವದ ಪತ್ರ ದತ್ತು ಪಡೆದವರ ಕೈಗೆ ಬರುತ್ತದೆ, ಅಲ್ಲಿಗೆ 1971ರ ಕಾಯ್ದೆಯ ರಕ್ಷಣೆ ಮುಗಿಯುತ್ತದೆ. ಕೆಲವರು ಹಣ ಪಡೆದು, ಪತ್ರ ಬಂದೊಡನೆ ಕುದುರೆಗಳನ್ನು ಕಸಾಯಿಖಾನೆಯ ದಲ್ಲಾಳಿಗಳು ಬರುವ ಹರಾಜುಗಳಿಗೆ ಸಾಗಿಸಿದ್ದು 2021ರಲ್ಲಿ ಪತ್ರಿಕಾ ತನಿಖೆಗಳಿಂದ ಹೊರಬಂದಿತು. 2025ರಲ್ಲಿ ಫೆಡರಲ್ ನ್ಯಾಯಾಲಯವೊಂದು ಆ ಕಾರ್ಯಕ್ರಮವನ್ನು ರದ್ದುಗೊಳಿಸಿತು. ಅಮೆರಿಕದೊಳಗಿನ ಕುದುರೆ ಕಸಾಯಿಖಾನೆಗಳು 2007ರಲ್ಲೇ ಮುಚ್ಚಿದ್ದರೂ ಕೆನಡಾ ಮತ್ತು ಮೆಕ್ಸಿಕೋ ಗಡಿಯಾಚೆ ಅವು ಉಳಿದಿವೆ. ಯಾವುದೇ ದತ್ತು ಕಾರ್ಯಕ್ರಮವನ್ನು ಒಪ್ಪುವ ಮೊದಲು ಎಷ್ಟು ಕುದುರೆಗಳು ದತ್ತು ಹೋದವು ಎಂಬುದರ ಜೊತೆಗೆ ಮೂರನೆಯ ವರ್ಷದಲ್ಲಿ ಅವು ಎಲ್ಲಿವೆ ಎಂದೂ ಕೇಳಬೇಕು.

ನ್ಯೂಜಿಲೆಂಡಿನ ಕೈಮನಾವ ಹಿಂಡು ಈ ವಿಷಯದಲ್ಲಿ ಬೇರೊಂದು ಮಾದರಿ. ಅಲ್ಲಿ ಹಿಂಡನ್ನು ಸುಮಾರು 300ಕ್ಕೆ ಇಳಿಸಿ ಉಳಿಸಿಕೊಳ್ಳಲಾಗಿದೆ. ಕುದುರೆ ಬೇಕೆನ್ನುವವರಿಂದ ಮೊದಲೇ ಅರ್ಜಿ ಪಡೆದು, ಅವರ ಜಾಗವನ್ನು ಪರಿಶೀಲಿಸಿ, ಬಳಿಕ ಹಿಡಿಯುತ್ತಾರೆ. ಮನೆ ಸಿಗದವು ಅಲ್ಲಿಯೂ ಕಸಾಯಿಖಾನೆಗೆ ಹೋಗಿವೆ ಎಂಬುದನ್ನು ಮರೆಮಾಚಬಾರದು. ಆದರೆ ಚಿಕ್ಕ ಹಿಂಡು, ಮೊದಲೇ ಗೊತ್ತಿರುವ ಬೇಡಿಕೆ, ಇತ್ತೀಚೆಗೆ ಅದರ ಜೊತೆ ಸೇರಿಕೊಂಡಿರುವ ಗರ್ಭನಿರೋಧಕ ಲಸಿಕೆ ಇವು ಮೂರೂ ಕೂಡಿದಾಗ ಹಾಗೆ ಉಳಿದುಹೋಗುವ ಕುದುರೆಗಳ ಸಂಖ್ಯೆ ಕಡಿಮೆಯಾಗುತ್ತ ಬರುತ್ತದೆ.

ದತ್ತು ಹೋಗದ ಕುದುರೆಗಳು ಅಮೆರಿಕದಲ್ಲಿ ಸರ್ಕಾರಿ ದೊಡ್ಡಿಗಳಲ್ಲೂ ಗುತ್ತಿಗೆಯ ಹುಲ್ಲುಗಾವಲುಗಳಲ್ಲೂ ಜೀವನ ಕಳೆಯುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅವುಗಳ ಸಂಖ್ಯೆ 60,000 ದಾಟಿದೆ, ಖರ್ಚು ವರ್ಷಕ್ಕೆ ಹತ್ತು ಕೋಟಿ ಡಾಲರ್ ಮೀರಿದೆ. ಇಡೀ ಕಾರ್ಯಕ್ರಮದ ಹಣದಲ್ಲಿ ಸುಮಾರು ಮೂರನೆಯ ಎರಡು ಪಾಲು ಇದಕ್ಕೇ ಹೋಗುವುದರಿಂದ ಬಯಲಿನ ಕುದುರೆಗಳಿಗೆ ಲಸಿಕೆ ಹಾಕಲು ಉಳಿಯುವುದು ಅತ್ಯಲ್ಪ. ದೊಡ್ಡಿಯಲ್ಲಿ ಒತ್ತೊತ್ತಾಗಿ ಇಡುವುದರ ಅಪಾಯ 2022ರಲ್ಲಿ ಕೊಲರಾಡೋದ ಕ್ಯಾನ್ಯನ್ ಸಿಟಿಯಲ್ಲಿ ಬಯಲಾಯಿತು: ಸಕಾಲದಲ್ಲಿ ರೋಗನಿರೋಧಕ ಲಸಿಕೆ ಪಡೆಯದ ಕುದುರೆಗಳಲ್ಲಿ ಇನ್‌ಫ್ಲುಯೆಂಜಾ ಹರಡಿ ಸುಮಾರು 145 ಸತ್ತವು. ಹುಲ್ಲುಗಾವಲಿನ ಬದುಕು ದೊಡ್ಡಿಗಿಂತ ಎಷ್ಟೋ ಮೇಲು, ಖರ್ಚೂ ಅರ್ಧಕ್ಕಿಂತ ಕಡಿಮೆ. ಖಾಸಗಿ ಆಶ್ರಯಧಾಮಗಳು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿ ಇಡೀ ಕುಟುಂಬಗಳನ್ನು ಒಡೆಯದೆ ಇಟ್ಟುಕೊಳ್ಳುತ್ತವೆ. ಆದರೆ ಅವು ಸ್ವೀಕರಿಸಬಲ್ಲ ಕುದುರೆಗಳು ನೂರರ ಲೆಕ್ಕದಲ್ಲಿರುತ್ತವೆ, ಹೊರಬರುವವು ಸಾವಿರದ ಲೆಕ್ಕದಲ್ಲಿರುತ್ತವೆ. ಆಶ್ರಯಧಾಮಕ್ಕೆ ದೇಣಿಗೆ ಕೊಡುವವರು ಅಲ್ಲಿ ಸಂತಾನ ನಿಯಂತ್ರಣ ಇದೆಯೇ, ಒಂದು ವರ್ಷದ ಮೇವಿಗೆ ಸಾಕಾಗುವಷ್ಟು ಹಣ ಕೈಯಲ್ಲಿದೆಯೇ ಎಂದು ವಿಚಾರಿಸಬೇಕು. ಇವೆರಡೂ ಇಲ್ಲದ ಧಾಮ ಮುಳುಗಿದಾಗ ಅಲ್ಲಿನ ಕುದುರೆಗಳಿಗೆ ಎರಡನೆಯ ಸಲ ನೆಲೆ ತಪ್ಪುತ್ತದೆ.

ಎರಡು ಲಸಿಕೆಗಳು

ಈ ಹೋಲಿಕೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ, ಏಕೆಂದರೆ ಕುದುರೆಯನ್ನು ಅದರ ನೆಲದಲ್ಲೇ, ಅದರ ಕುಟುಂಬದ ಜೊತೆಗೇ ಬಿಟ್ಟು ಸಂಖ್ಯೆಯನ್ನು ಹಿಡಿತದಲ್ಲಿಡುವ ದಾರಿ ಇದೊಂದೇ.

ಪಿಜೆಡ್‌ಪಿ ಎಂಬುದು ಹಂದಿಯ ಅಂಡಾಣುವನ್ನು ಸುತ್ತುವರಿದ ಪೊರೆಯ ಪ್ರೋಟೀನಿನಿಂದ ತಯಾರಿಸಿದ ಲಸಿಕೆ. ಅದನ್ನು ಪಡೆದ ಹೆಣ್ಣುಕುದುರೆಯ ದೇಹ ಉತ್ಪಾದಿಸುವ ಪ್ರತಿಕಾಯಗಳು ಅದರ ಸ್ವಂತ ಅಂಡಾಣುವಿನ ಪೊರೆಗೂ ಅಂಟಿಕೊಂಡು ವೀರ್ಯಾಣು ಒಳಹೋಗದಂತೆ ತಡೆಯುತ್ತವೆ. ಇದು ಹಾರ್ಮೋನ್ ಅಲ್ಲವಾದ್ದರಿಂದ ಕುದುರೆ ಎಂದಿನಂತೆ ಬೆದೆಗೆ ಬರುತ್ತದೆ. ಈಗಾಗಲೇ ಗಬ್ಬ ಕಟ್ಟಿದ್ದರೆ ಮರಿಗೆ ತೊಂದರೆಯಾಗುವುದಿಲ್ಲ. ಪ್ರೋಟೀನ್ ಆದ್ದರಿಂದ ಕುದುರೆಯನ್ನು ತಿಂದ ಪ್ರಾಣಿಯ ಹೊಟ್ಟೆಯಲ್ಲಿ ಅದು ಜೀರ್ಣವಾಗಿಹೋಗುತ್ತದೆ. ಜೇ ಕರ್ಕ್‌ಪ್ಯಾಟ್ರಿಕ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು 1988ರಲ್ಲಿ ಅಸ್ಸಾಟೀಗಿನಲ್ಲಿ ಇದರ ಕ್ಷೇತ್ರಪ್ರಯೋಗವನ್ನು ಆರಂಭಿಸಿದರು. 2012ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ನೋಂದಾಯಿಸಿತು. ಮೊದಲ ಡೋಸ್, ಕೆಲವು ವಾರಗಳ ಬಳಿಕ ಎರಡನೆಯದು, ಆಮೇಲೆ ವರ್ಷಕ್ಕೊಂದು ಎಂಬ ಕ್ರಮವನ್ನು ತಪ್ಪದೆ ಪಾಲಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಹೆಣ್ಣುಕುದುರೆಗಳು ಆ ವರ್ಷ ಗಬ್ಬ ಕಟ್ಟುವುದಿಲ್ಲ. ಔಷಧದ ಬೆಲೆ ಕೆಲವೇ ಹತ್ತಾರು ಡಾಲರ್. ನಿಜವಾದ ಖರ್ಚು ಪ್ರತಿ ಕುದುರೆಯನ್ನೂ ಗುರುತಿಸಿ, ಸುಮಾರು ನಲವತ್ತು ಐವತ್ತು ಮೀಟರ್ ಒಳಗೆ ಬಂದು, ಕೆಳಬಿದ್ದ ಡಾರ್ಟನ್ನು ಹುಡುಕಿ ತಂದು, ಎಲ್ಲವನ್ನೂ ಬರೆದಿಡುವ ಮನುಷ್ಯನದು.

ಗೋನಾಕಾನ್ ಬೇರೆ ಬಗೆಯ ಲಸಿಕೆ. ಅಮೆರಿಕದ ಕೃಷಿ ಇಲಾಖೆಯ ವನ್ಯಜೀವಿ ಸಂಶೋಧನಾ ಕೇಂದ್ರ ಅಭಿವೃದ್ಧಿಪಡಿಸಿದ ಇದು 2013ರಲ್ಲಿ ಕುದುರೆ ಮತ್ತು ಕತ್ತೆಗಳಿಗೆ ನೋಂದಣಿಯಾಯಿತು. ಸಂತಾನೋತ್ಪತ್ತಿಯ ಸರಪಳಿಯನ್ನು ಆರಂಭಿಸುವ ಹಾರ್ಮೋನಿನ ವಿರುದ್ಧವೇ ಇದು ಪ್ರತಿಕಾಯಗಳನ್ನು ಹುಟ್ಟಿಸುವುದರಿಂದ ಕುದುರೆಯ ಅಂಡಾಶಯ ವಿಶ್ರಾಂತಿಗೆ ಹೋಗುತ್ತದೆ, ಬೆದೆಯೂ ನಿಲ್ಲಬಹುದು. ಒಂದೇ ಡೋಸಿನ ಪರಿಣಾಮ ಸಾಧಾರಣ. ಆದರೆ ಉತ್ತರ ಡಕೋಟಾದ ಥಿಯೋಡೋರ್ ರೂಸ್‌ವೆಲ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ನಾಲ್ಕು ವರ್ಷಗಳ ಬಳಿಕ ಎರಡನೆಯ ಡೋಸ್ ಕೊಟ್ಟಾಗ ಹೆಚ್ಚಿನ ಹೆಣ್ಣುಕುದುರೆಗಳು ಹಲವು ವರ್ಷ ಮರಿ ಹಾಕಲಿಲ್ಲ. ಚುಚ್ಚಿದ ಜಾಗದಲ್ಲಿ ಊತ ಬರುವುದು ಸಾಮಾನ್ಯ, ಸಂತಾನಶಕ್ತಿ ಯಾವಾಗ ಮರಳುತ್ತದೆ ಎಂದು ಮುಂಚಿತವಾಗಿ ಹೇಳುವುದು ಕಷ್ಟ.

ಇವೆರಡರಲ್ಲಿ ಯಾವುದು? ಪ್ರತಿವರ್ಷ ಹತ್ತಿರ ಹೋಗಲು ಸಾಧ್ಯವಿರುವ, ಜನರಿಗೆ ಒಂದಿಷ್ಟು ಒಗ್ಗಿರುವ, ಪ್ರತಿಯೊಂದು ಕುದುರೆಗೂ ಹೆಸರೋ ಸಂಖ್ಯೆಯೋ ಇರುವ ಹಿಂಡಿಗೆ ನಾನು ಹಿಂಜರಿಯದೆ ಪಿಜೆಡ್‌ಪಿಯನ್ನೇ ಸೂಚಿಸುತ್ತೇನೆ: ಆರಂಭದ ವರ್ಷಗಳಲ್ಲಿ ನಿಲ್ಲಿಸಿದರೆ ಸಂತಾನಶಕ್ತಿ ಮರಳುತ್ತದೆ, ತಪ್ಪು ನಿರ್ಧಾರವನ್ನು ತಿದ್ದಿಕೊಳ್ಳಲು ಅವಕಾಶವಿರುತ್ತದೆ, ಮೂರು ದಶಕಗಳಿಗೂ ಮೀರಿದ ಅನುಭವ ಅದರ ಹಿಂದೆ ಇದೆ. ಮನುಷ್ಯನನ್ನು ಕಂಡರೆ ಒಂದು ಮೈಲಿ ದೂರದಿಂದಲೇ ಓಡಿಹೋಗುವ, ಲಕ್ಷಾಂತರ ಎಕರೆಗಳಲ್ಲಿ ಹರಡಿರುವ ಹಿಂಡಿನಲ್ಲಿ ವರ್ಷಕ್ಕೊಮ್ಮೆ ಡಾರ್ಟ್ ಹೊಡೆಯುವುದು ಆಗದ ಮಾತು. ಅಲ್ಲಿ ಹೇಗೂ ಸೆರೆಹಿಡಿದಿರುವಾಗ ಹೆಣ್ಣುಗಳಿಗೆ ಗೋನಾಕಾನ್ ಕೊಟ್ಟು, ಒಂದು ತಿಂಗಳು ಇಟ್ಟುಕೊಂಡು ಎರಡನೆಯ ಡೋಸ್ ಹಾಕಿ ಮರಳಿ ಬಿಡುವುದು ಮುಂದಿನ ಸೆರೆಯನ್ನು ಹಲವು ವರ್ಷ ಮುಂದೂಡುತ್ತದೆ.

ಲಸಿಕೆಯಿಂದ ಆಗದ್ದನ್ನೂ ಹೇಳಬೇಕು. ಅದು ಸಂಖ್ಯೆಯನ್ನು ಬೇಗ ಇಳಿಸುವುದಿಲ್ಲ. ಗಬ್ಬ ಮತ್ತು ಹಾಲೂಡಿಕೆಯ ಭಾರ ತಪ್ಪಿದ ಹೆಣ್ಣುಕುದುರೆಗಳು ಮೈತುಂಬಿಕೊಂಡು ಹೆಚ್ಚು ಕಾಲ ಬದುಕುತ್ತವೆ. ಅಸ್ಸಾಟೀಗಿನಲ್ಲಿ ಕೆಲವು ಇಪ್ಪತ್ತೈದು ವರ್ಷ ದಾಟಿದವು. ಹೀಗಾಗಿ ಒಮ್ಮೆ ಸುಮಾರು 175ರಷ್ಟಿದ್ದ ಆ ಹಿಂಡು ನೂರರ ಆಸುಪಾಸಿಗೆ ಇಳಿಯಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಹಲವು ವರ್ಷ ಸತತವಾಗಿ ಪಿಜೆಡ್‌ಪಿ ಪಡೆದ ಕುದುರೆಗಳಲ್ಲಿ ಸಂತಾನಶಕ್ತಿ ಮರಳುವುದು ನಿಧಾನ, ಕೆಲವುಗಳಲ್ಲಿ ಅದು ಮರಳುವುದೇ ಇಲ್ಲ. ಗಬ್ಬ ನಿಲ್ಲದ ಕಾರಣ ಪದೇ ಪದೇ ಬೆದೆಗೆ ಬರುವ ಹೆಣ್ಣುಗಳು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೆಚ್ಚು ಓಡಾಡುವುದು ಉತ್ತರ ಕ್ಯಾರೊಲಿನಾದ ಶ್ಯಾಕಲ್‌ಫರ್ಡ್ ಬ್ಯಾಂಕ್ಸ್ ದ್ವೀಪದ ಹಿಂಡಿನಲ್ಲಿ ಕಂಡುಬಂದಿದೆ. ಇವು ನಿಜವಾದ ಕೊರತೆಗಳು. ಆದರೂ ಕಸಾಯಿಖಾನೆಯ ಹರಾಜು ಅಥವಾ ಜೀವನಪರ್ಯಂತದ ದೊಡ್ಡಿಯ ಪಕ್ಕದಲ್ಲಿಟ್ಟು ನೋಡಿದರೆ ಇವುಗಳ ಭಾರ ಬಹಳ ಕಡಿಮೆ ಎಂದು ನಾನು ನಂಬುತ್ತೇನೆ.

ಡಾರ್ಟ್ ವಿಧಾನ ನೂರಿನ್ನೂರು ಕುದುರೆಗಳಿಗಷ್ಟೇ ಸಾಧ್ಯ ಎಂಬ ಮಾತು ಬಹುಕಾಲ ಕೇಳಿಬರುತ್ತಿತ್ತು. ನೆವಾಡಾದ ವರ್ಜೀನಿಯಾ ರೇಂಜ್ ಪ್ರದೇಶದಲ್ಲಿ 2019ರಿಂದ ತರಬೇತಿ ಪಡೆದ ಸ್ವಯಂಸೇವಕರು ಸುಮಾರು ಮೂರು ಸಾವಿರ ಕುದುರೆಗಳ ಹಿಂಡಿನಲ್ಲಿ ಈ ಕೆಲಸವನ್ನು ಕೈಗೊಂಡು, ಮರಿಗಳ ಹುಟ್ಟನ್ನು ಅರ್ಧಕ್ಕಿಂತಲೂ ಕಡಿಮೆ ಮಾಡಿದ್ದಾರೆ. ಅದು ಊರುಗಳ ಸಮೀಪದ, ರಸ್ತೆಗಳಿರುವ ಪ್ರದೇಶ ಎಂಬುದು ಅವರಿಗೆ ನೆರವಾಯಿತು ನಿಜ. ಆದರೆ ಗಾತ್ರವೊಂದನ್ನೇ ಮುಂದಿಟ್ಟು ಆ ಆಯ್ಕೆಯನ್ನು ತಳ್ಳಿಹಾಕುವುದು ಇನ್ನು ಒಪ್ಪತಕ್ಕದ್ದಲ್ಲ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಗಂಡುಗಳ ಬೀಜ ತೆಗೆಯುವುದರಿಂದ ಹುಟ್ಟು ಅಷ್ಟಾಗಿ ಇಳಿಯುವುದಿಲ್ಲ, ಏಕೆಂದರೆ ಉಳಿದ ಒಂದು ಗಂಡು ಹಲವು ಹೆಣ್ಣುಗಳಿಗೆ ಸಾಕು. ಹೆಣ್ಣುಗಳ ಅಂಡಾಶಯ ತೆಗೆಯುವುದು ರಕ್ತಸ್ರಾವ ಮತ್ತು ಸೋಂಕಿನ ಅಪಾಯವುಳ್ಳ, ಬಯಲಿನ ದೊಡ್ಡಿಯಲ್ಲಿ ಮಾಡಬಾರದ ಕೆಲಸ.

ಕೊಲ್ಲುವುದು

ಆಸ್ಟ್ರೇಲಿಯಾದ ಅನುಭವವನ್ನು ಬದಿಗಿಟ್ಟು ಈ ಹೋಲಿಕೆಯನ್ನು ಮುಗಿಸಲಾಗದು. ನ್ಯೂ ಸೌತ್ ವೇಲ್ಸಿನ ಗೈ ಫಾಕ್ಸ್ ರಿವರ್ ರಾಷ್ಟ್ರೀಯ ಉದ್ಯಾನದಲ್ಲಿ 2000ದ ಅಕ್ಟೋಬರಿನಲ್ಲಿ ಹೆಲಿಕಾಪ್ಟರಿನಿಂದ 606 ಕುದುರೆಗಳನ್ನು ಗುಂಡಿಕ್ಕಿ ಕೊಂದಾಗ ಎದ್ದ ಆಕ್ರೋಶದಿಂದ ಆ ರಾಜ್ಯ ಆ ವಿಧಾನವನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಕೈಬಿಟ್ಟಿತು. ಆ ಅವಧಿಯಲ್ಲಿ ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದ ಕುದುರೆಗಳಿಗೆ 2018ರಲ್ಲಿ ಪರಂಪರೆಯ ರಕ್ಷಣೆ ಕೊಡುವ ಕಾಯ್ದೆ ಬಂದಿತು. 2021ರ ಯೋಜನೆ 2027ರ ವೇಳೆಗೆ ಸಂಖ್ಯೆಯನ್ನು 3,000ಕ್ಕೆ ಇಳಿಸಬೇಕೆಂದಿತು. 2023ರ ಕೊನೆಯ ಸಮೀಕ್ಷೆಯ ಅಂದಾಜು ಸುಮಾರು 17,000. ಗೊರಸಿನ ಪ್ರಾಣಿಗಳೇ ಇಲ್ಲದೆ ರೂಪುಗೊಂಡ ಆ ಬೆಟ್ಟಗಳ ಪಾಚಿಜವುಗುಗಳು ಕುದುರೆಗಳ ತುಳಿತಕ್ಕೆ ನಾಶವಾಗುತ್ತವೆ, ಅಲ್ಲಿ ಮಾತ್ರ ಬದುಕುವ ಕೊರೊಬೊರಿ ಕಪ್ಪೆಯಂಥ ಜೀವಿಗಳಿಗೆ ಬೇರೆ ನೆಲೆಯಿಲ್ಲ. 2023ರ ಅಕ್ಟೋಬರಿನಲ್ಲಿ ಹೆಲಿಕಾಪ್ಟರಿನಿಂದ ಗುಂಡು ಹಾರಿಸಲು ಅಲ್ಲಿ ಮತ್ತೆ ಅನುಮತಿ ಸಿಕ್ಕಿತು.

ಕಪ್ಪೆಯ ಬದುಕು ಕುದುರೆಯ ಬದುಕಿಗಿಂತ ಕಡಿಮೆಯದೆಂದು ನಾನು ಹೇಳಲಾರೆ, ಆ ಉದ್ಯಾನದ ಅಧಿಕಾರಿಗಳ ಮುಂದಿರುವ ಕಷ್ಟವನ್ನು ಹಗುರವಾಗಿ ಕಾಣಲೂ ಆರೆ. ಆದರೆ ಮೂರು ಸಾವಿರ ಕುದುರೆಗಳಿದ್ದ ಕಾಲದಲ್ಲಿ ಲಸಿಕೆ ಮತ್ತು ದೊಡ್ಡಿಯ ಸೆರೆಯಿಂದ ಹಿಡಿತದಲ್ಲಿಡಬಹುದಾಗಿದ್ದ ಹಿಂಡನ್ನು ಬೆಳೆಯಗೊಟ್ಟ ಬಳಿಕ, ಆ ವಿಳಂಬದ ಬೆಲೆಯನ್ನು ತೆರುವುದು ಕುದುರೆಗಳೇ. ಕೊಲ್ಲುವುದನ್ನು ಆಯ್ಕೆಗಳ ಪಟ್ಟಿಯಲ್ಲಿ ಸೇರಿಸುವ ಯೋಜನೆಯೊಂದು ನಿಮ್ಮ ಮುಂದೆ ಬಂದರೆ, ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಹೆಣ್ಣುಕುದುರೆಗಳಿಗೆ ಲಸಿಕೆ ಹಾಕಲಾಗಿತ್ತು ಎಂದು ಕೇಳಿ. ಗುಣವಾಗದ ಗಾಯ ಅಥವಾ ರೋಗದಿಂದ ನರಳುವ ಒಂದು ಕುದುರೆಗೆ ಪಶುವೈದ್ಯರು ನೀಡುವ ನೋವಿಲ್ಲದ ಮರಣ ಬೇರೆಯೇ ವಿಷಯ, ಅದಕ್ಕೆ ಪ್ರತಿ ಯೋಜನೆಯಲ್ಲೂ ಜಾಗವಿರಬೇಕು.

ಹಿಂಡಿಗೆ ತಕ್ಕ ಆಯ್ಕೆ

ಇನ್ನೂರಕ್ಕಿಂತ ಕಡಿಮೆ ಕುದುರೆಗಳಿರುವ ಹಿಂಡಿನಲ್ಲಿ ಸಂಖ್ಯೆಯ ಜೊತೆಗೆ ವಂಶವೈವಿಧ್ಯವನ್ನೂ ಕಾಯಬೇಕು. ತಜ್ಞರು ಸಾಮಾನ್ಯವಾಗಿ 150ರಿಂದ 200 ಕುದುರೆಗಳಾದರೂ ಇರಬೇಕೆನ್ನುತ್ತಾರೆ. ಅಷ್ಟಿಲ್ಲದ ಕಡೆ ಹೊರಗಿನ ಹಿಂಡಿನಿಂದ ಆಗಾಗ ಒಂದೆರಡು ಎಳೆಯ ಹೆಣ್ಣುಗಳನ್ನು ತಂದು ಸೇರಿಸಬೇಕಾಗುತ್ತದೆ. ಅಸ್ಸಾಟೀಗಿನ ಉದ್ಯಾನ ಅನುಸರಿಸಿದ ಕ್ರಮ ಇಲ್ಲಿ ಅನುಕರಣೀಯ: ಎಳೆಯ ಹೆಣ್ಣುಗಳಿಗೆ ಮೊದಲ ಕೆಲವು ವರ್ಷ ಲಸಿಕೆ ಕೊಟ್ಟು, ಆಮೇಲೆ ನಿಲ್ಲಿಸಿ, ಪ್ರತಿಯೊಂದಕ್ಕೂ ಮರಿ ಹಾಕಲು ಅವಕಾಶ ಕೊಟ್ಟು, ಬಳಿಕ ಮತ್ತೆ ಲಸಿಕೆಗೆ ತರುವುದು. ಇದರಿಂದ ಯಾವ ವಂಶವೂ ಅಳಿಯುವುದಿಲ್ಲ.

ಸಾವಿರಾರು ಕುದುರೆಗಳಿರುವ, ಈಗಾಗಲೇ ನೆಲ ಸವೆದಿರುವ ಕಡೆ ಒಂದು ಸಲ ಸೆರೆಹಿಡಿದು ಸಂಖ್ಯೆ ಇಳಿಸುವುದನ್ನು ಒಪ್ಪಬಹುದು, ಆದರೆ ಮರಳಿ ಬಿಡುವ ಹೆಣ್ಣುಗಳಲ್ಲಿ ಬಹುಪಾಲಿಗೆ ಲಸಿಕೆ ಹಾಕಿಯೇ ಬಿಡಬೇಕೆಂಬ ಷರತ್ತಿನೊಂದಿಗೆ ಮಾತ್ರ. ಜೊತೆಗೆ, ನೆಲ ಸವೆಯಲು ಕಾರಣ ಕುದುರೆಗಳೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಪಶ್ಚಿಮ ಅಮೆರಿಕದಲ್ಲಿ ಕುದುರೆಗಳಿಗೆಂದು ಗುರುತಿಸಿದ ಪ್ರದೇಶಗಳಲ್ಲೇ ದನ ಮತ್ತು ಕುರಿಗಳಿಗೂ ಮೇಯಲು ಪರವಾನಗಿ ಇದೆ, ಅನೇಕ ಕಡೆ ಮೇವಿನ ದೊಡ್ಡ ಪಾಲು ಅವುಗಳಿಗೇ ಹಂಚಿಕೆಯಾಗಿದೆ. ಮತ್ತೊಂದು ಬದಿಯ ವಾಸ್ತವವನ್ನೂ ಒಪ್ಪಬೇಕು: ದನಗಳನ್ನು ಋತುಮಾನಕ್ಕೆ ತಕ್ಕಂತೆ ಸ್ಥಳಾಂತರಿಸಲಾಗುತ್ತದೆ, ಕುದುರೆಗಳು ವರ್ಷವಿಡೀ ಅಲ್ಲೇ ಇರುತ್ತವೆ, ಮೇಲೂ ಕೆಳಗೂ ಬಾಚಿಹಲ್ಲುಗಳಿರುವುದರಿಂದ ಹುಲ್ಲನ್ನು ಬುಡದವರೆಗೂ ಕತ್ತರಿಸಬಲ್ಲವು, ಬೇಸಿಗೆಯಲ್ಲಿ ಒಂದೇ ಬುಗ್ಗೆಯ ಸುತ್ತ ನಿಂತು ಅದನ್ನು ಕೆಸರಾಗಿಸುತ್ತವೆ. ಕುದುರೆಯ ಸಂಖ್ಯೆ ಮತ್ತು ಜಾನುವಾರುಗಳ ಸಂಖ್ಯೆ ಎರಡನ್ನೂ ಒಂದೇ ಪುಟದಲ್ಲಿ ತೋರಿಸದ ಯೋಜನೆಗೆ ಒಪ್ಪಿಗೆ ಕೊಡಬಾರದು.

ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟ ನಿರ್ವಹಣಾ ಯೋಜನೆಯನ್ನು ಓದುವಾಗ ಕೊನೆಯ ಪುಟಗಳ ಖರ್ಚಿನ ಪಟ್ಟಿಯನ್ನು ಮೊದಲು ನೋಡುವುದು ಒಳ್ಳೆಯದು. ಸೆರೆಯ ಗುತ್ತಿಗೆಗೆ ಎಷ್ಟು, ದೊಡ್ಡಿಯ ಮೇವಿಗೆ ಎಷ್ಟು, ಲಸಿಕೆಗೆ ಎಷ್ಟು ಎಂಬುದರಲ್ಲಿ ಆ ಕಚೇರಿಯ ನಿಜವಾದ ಆಯ್ಕೆ ಕಾಣುತ್ತದೆ. ಡಾರ್ಟ್ ಹೊಡೆಯುವವರ ಮತ್ತು ದಾಖಲೆ ಇಡುವವರ ಸಂಬಳಕ್ಕೆ ಮೊದಲ ವರ್ಷ ಮಾತ್ರ ಹಣ ತೋರಿಸಿದ್ದರೆ, ಐದನೆಯ ವರ್ಷದ ಹಣವನ್ನೂ ಈಗಲೇ ತೋರಿಸುವಂತೆ ಲಿಖಿತವಾಗಿ ಕೇಳಬೇಕು, ಏಕೆಂದರೆ ಪಿಜೆಡ್‌ಪಿಯನ್ನು ಎರಡು ವರ್ಷ ಕೊಟ್ಟು ನಿಲ್ಲಿಸಿದ ಹಿಂಡು ಮುಂದಿನ ವಸಂತಗಳಲ್ಲಿ ಮತ್ತೆ ಹಿಂದಿನ ವೇಗದಲ್ಲೇ ಈಯತೊಡಗುತ್ತದೆ.